ಎಡಗಡೆ ಸ್ಪೀಕರಿನ ಉಬ್ಬು

ಒಳಗೇ ಆಂಪ್ಲಿಫೈಯರ್ ಇರುವ ಸ್ಟುಡಿಯೋ ಸ್ಪೀಕರನ್ನು, ಬೆನ್ನಿನ ಬಿಸಿ ಹೋಗಲು ಜಾಗ ಬಿಡದೆ, ಗೋಡೆಗೆ ಒತ್ತಿ ಇಡುವ ಮಹಾನುಭಾವರಿಗೆ ಬುದ್ಧಿ ಹೇಳುವುದನ್ನು ನಾನು ಬಿಟ್ಟಿದ್ದೇನೆ. ನನ್ನನ್ನು ರಿಪೇರಿಗೆ ಕರೆಸಿದ್ದ ಈ ಸ್ಟುಡಿಯೋ ಮಾಲೀಕರು ಅದರ ನೆತ್ತಿಯ ಮೇಲೆ ನೀರಿನ ಲೋಟವನ್ನೂ ಇಡುತ್ತಿದ್ದರು.

"ಕಸ ಗುಡಿಸೋಳು ಬೆರಳಿಟ್ಟು ಹಾಳು ಮಾಡಿದಾಳೆ. ಇವತ್ತೇ ಕೆಲಸದಿಂದ ತೆಗೀತೀನಿ," ಎಂದರು. ಆಕೆ ಬಾಗಿಲಲ್ಲಿ ಪೊರಕೆ ಹಿಡಿದು ಅಳುತ್ತಿದ್ದಳು.

ಬೆರಳು ಒತ್ತಿದರೆ ಸ್ಪೀಕರಿನ ನಡುವಿನ ತೆಳು ಕಾಗದ ಒಳಕ್ಕೆ ತಗ್ಗಬೇಕು. ಇದು ಕಿರುಬೆರಳ ತುದಿಯಷ್ಟು ಹೊರಕ್ಕೆ ಉಬ್ಬಿತ್ತು. ಪ್ಲಗ್ ಕಿತ್ತು ವಾರವಾಗಿದ್ದರೂ ಸ್ಪೀಕರಿನ ಬೆನ್ನು ಜ್ವರ ಬಂದವರ ಮೈಯಂತೆ ಸುಡುತ್ತಿತ್ತು. ಸ್ಕ್ರೂ ಮೇಲಿನ ಕಂಪನಿ ಸೀಲ್ ಒಡೆದೇ ಇರಲಿಲ್ಲ.

"ಸಾರ್, ಈಯಮ್ಮ ಒಳಗೆ ಕೂತು ಒತ್ತಿದ್ರಾ?" ಎಂದೆ.

"ತಲೆಹರಟೆ ಬೇಡ, ರಿಪೇರಿ ಮಾಡು," ಎನ್ನುತ್ತಾ ಅವರೂ ಬಗ್ಗಿದರು.

ನಾವು ಮೂವರೂ ನೋಡುತ್ತಿದ್ದಂತೆ, ಆ ಉಬ್ಬಿನ ಪಕ್ಕದಲ್ಲಿ ಇನ್ನೊಂದು ನಿಧಾನವಾಗಿ ಎದ್ದಿತು. ಈ ಸಲ ಹೆಬ್ಬೆರಳಿನಷ್ಟು ದಪ್ಪಗಿತ್ತು.