ಅಜ್ಜನ ಗಿಡ್ಡ ಟೇಬಲ್

“ಏ ಬರ್ರೆಲೇ, ನಮ್ಮಜ್ಜ ಟೇಬಲ್ ಮ್ಯಾಲೆ ಹತ್ತಿ ಕುಂತಾನ!”

ಪೂಜಾ ಕೂಗಿದ ಕೂಗಿಗೆ ಓಣಿಯ ಹುಡುಗರೆಲ್ಲ ಅಂಗಳಕ್ಕೆ ಓಡಿ ಬಂದರು. ನಿಜವೇ. ಬೇವಿನ ಮರದ ಕೆಳಗೆ ಹೊಸ ಟೇಬಲ್ ಇತ್ತು. ಅದರ ಮೇಲೆ ಅವಳ ಅಜ್ಜ ಚನ್ನವೀರಪ್ಪ ಕಾಲು ಮಡಚಿಕೊಂಡು ಕುಳಿತಿದ್ದ. ಎರಡು ಪಾದಗಳ ನಡುವೆ ಕಟ್ಟಿಗೆಯ ತುಂಡು, ಕೈಯಲ್ಲಿ ಉಳಿ.

“ಅಜ್ಜಾ, ಟೇಬಲ್ ಇರೂದು ಮುಂದ ನಿಂತು ಕೆಲಸ ಮಾಡಾಕ. ನೀ ಏನ್ ಗಣಪತಿ ಕುಂತಂಗ ಕುಂತೀದಿ?” ಎಂದು ಪೂಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕಳೆಂದು ಉಳಿದವರೂ ನಕ್ಕರು.

ಅಜ್ಜ ಇಳಿಯಲು ನೋಡಿದ. ಮೊಣಕಾಲು ಹಿಡಿದುಬಿಟ್ಟಿತ್ತು. ಕೊನೆಗೆ ಅಪ್ಪ ಒಂದು ಕಡೆ, ಅಪ್ಪನ ಗೆಳೆಯ ನಿಯಾಜ ಇನ್ನೊಂದು ಕಡೆ ಹಿಡಿದು, ಕೂಸನ್ನು ಇಳಿಸಿದ ಹಾಗೆ ಇಳಿಸಿದರು. ಅಜ್ಜ ಉಳಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟ. ಮುಚ್ಚಳ ಹಾಕಿದ. ಕುಂಟುತ್ತ ಒಳಗೆ ಹೋದ.

ಪೂಜಾಳ ನಗು ಅಲ್ಲಿಗೇ ನಿಂತಿತು.

ಹಂಸಭಾವಿಯಲ್ಲಿ ಚನ್ನವೀರಪ್ಪ ಬಡಿಗೇರನ ಕೈಯ ಕಡಗೋಲು ಇಲ್ಲದ ಮನೆ ಹುಡುಕಬೇಕು. ಬಾಗಿಲು, ತೊಟ್ಟಿಲು, ಲಟ್ಟಣಿಗೆ, ಏನು ಮಾಡಿದರೂ ಅಜ್ಜ ನೆಲದ ಮೇಲೆ ಕುಳಿತೇ ಮಾಡುತ್ತಿದ್ದ. ಅವನ ಕಾಲ ಹೆಬ್ಬೆರಳು ಪಕ್ಕದ ಬೆರಳಿನಿಂದ ದೂರ ಸರಿದು ಅಗಲವಾಗಿತ್ತು. ಅದರ ಸಂದಿಯಲ್ಲಿ ಕಟ್ಟಿಗೆ ಸಿಕ್ಕಿತೆಂದರೆ ಮುಗಿಯಿತು, ಅಲುಗಾಡುತ್ತಿರಲಿಲ್ಲ.

ಆದರೆ ಈಗ ಮೊಣಕಾಲು ಸವೆದಿವೆಯಂತೆ. “ಇನ್ನ ನೆಲದ ಮ್ಯಾಲೆ ಕಾಲು ಮಡಚಿ ಕೂಡಬಾರದು” ಎಂದು ಹಿರೇಕೆರೂರಿನ ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೇ ಅಪ್ಪ ಟೇಬಲ್ ಮಾಡಲು ಹೊರಟಿದ್ದು.

ಟೇಬಲ್ ಹೇಗಿರಬೇಕು ಎಂಬುದರ ಮೇಲೆ ಅಪ್ಪನಿಗೂ ನಿಯಾಜ ಕಾಕಾನಿಗೂ ನಡೆದ ಜಗಳ ಇಡೀ ಓಣಿಗೆ ಗೊತ್ತು. ನಿಯಾಜ ಕಾಕಾ ಹಿರೇಕೆರೂರಿನಲ್ಲಿ ಫರ್ನಿಚರ್ ಮಾಡುವವನು. “ಪ್ಲೈವುಡ್ ತರೂಣು, ಸ್ಕ್ರೂ ಹೊಡ್ಯೂಣು, ಸಂಜೀಕ ಟೇಬಲ್ ರೆಡಿ. ಬ್ಯಾಡಾತು ಅಂದ್ರ ಬಿಚ್ಚಿ ಬ್ಯಾರೆ ಮಾಡು” ಎಂದು ಅವನ ವಾದ.

“ಸ್ಕ್ರೂ ಹೊಡದದ್ದು ಟೇಬಲ್ ಅಲ್ಲೋ, ಆಟಗಿ ಸಾಮಾನು. ಬಡದ್ರ ಕುಣೀತೈತಿ” ಎಂದ ಅಪ್ಪ.

ಅಪ್ಪನೇ ಗೆದ್ದ. ಹಳೆಯ ಬಂಡಿಯ ಒಂದೇ ದಪ್ಪ ಹಲಗೆ ತಂದ. ಹಲಗೆಗೆ ಕಂಡಿ ಕೊರೆದ, ಜಾಲಿ ಕಟ್ಟಿಗೆಯ ಕಾಲುಗಳನ್ನು ಅದರಲ್ಲಿ ಕೂರಿಸಿದ, ಬೆಣೆ ಬಡಿದ. ಒಂದೂ ಮೊಳೆ ಇಲ್ಲ. ನಿಯಾಜ ಕಾಕಾ ಸೋತರೂ ಸುಮ್ಮನಿರಲಿಲ್ಲ. ಕಟ್ಟಿಗೆ ಬಿಗಿದು ಹಿಡಿಯುವ ಕಬ್ಬಿಣದ ವೈಸ್ ತಂದು ಟೇಬಲ್ಲಿನ ತುದಿಗೆ ಕೂರಿಸಿದ.

ಟೇಬಲ್ ಚೆಂದವೇ ಆಗಿತ್ತು. ಅಜ್ಜ ಅದರ ಮುಂದೆ ನಿಂತು ಉಳಿ ಹಿಡಿದ. ಒಮ್ಮೆ ಬಡಿದ, ಸರಿ ಬೀಳಲಿಲ್ಲ. ಇನ್ನೊಮ್ಮೆ ಬಡಿದ, ಕಟ್ಟಿಗೆ ಸಿಗಿದುಹೋಯಿತು. ಅಪ್ಪ, ನಿಯಾಜ ಕಾಕಾ ಚಹಾ ಕುಡಿಯಲು ಆ ಕಡೆ ತಿರುಗಿದ್ದೇ ತಡ, ಅಜ್ಜ ಟೇಬಲ್ ಹತ್ತಿ ಕುಳಿತುಬಿಟ್ಟಿದ್ದ. ಪೂಜಾ ಕೂಗಿದ್ದು ಆವಾಗಲೇ.

ಮರುದಿನ ಅಜ್ಜ ಪೆಟ್ಟಿಗೆ ತೆಗೆಯಲಿಲ್ಲ. ಅದರ ಮರುದಿನವೂ ತೆಗೆಯಲಿಲ್ಲ. ಅಜ್ಜಿ ಫಕ್ಕೀರವ್ವನಿಗೆಂದು ಶುರು ಮಾಡಿದ್ದ ಕಡಗೋಲು ಅರ್ಧಕ್ಕೇ ಬಿದ್ದಿತ್ತು.

“ರೂಢಿ ಆಗತೈತಿ, ನಾಕ ದಿನ ತಡಿ” ಎಂದ ಅಪ್ಪ.

“ನನ್ನ ಕೆಲಸ ಮುಗೀತೋ ಸುಭಾಸ. ಟೇಬಲ್ ನೀನ ಇಟ್ಗೋ” ಎಂದ ಅಜ್ಜ. ಅವನಿಗೆ ಸಿಟ್ಟೇ ಬಂದಿರಲಿಲ್ಲ. ಅದೇ ಪೂಜಾಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಶಾಲೆಯಲ್ಲಿ ಗಣಿತದ ಪಿರಿಯಡ್ಡಿನಲ್ಲೂ ಅವಳಿಗೆ ಅಜ್ಜ ಕುಂಟುತ್ತ ಒಳಗೆ ಹೋದದ್ದೇ ಕಾಣುತ್ತಿತ್ತು. ತಾನು ಕೂಗದಿದ್ದರೆ, ಹುಡುಗರು ಬರದಿದ್ದರೆ, ಯಾರೂ ನಗದಿದ್ದರೆ... ಊಟದ ಹೊತ್ತಿನಲ್ಲಿ ಅದೇ ಓಣಿಯ ಗೆಳತಿ ಗುಲ್ನಾಜ, “ನಿಮ್ಮಜ್ಜ ಮತ್ತ ಟೇಬಲ್ ಹತ್ತಿದ್ನೇನು?” ಎಂದು ಕಿಸಕ್ಕನೆ ನಕ್ಕಾಗ ಪೂಜಾ ಅರ್ಧ ಊಟಕ್ಕೇ ಎದ್ದಳು.

ಸಂಜೆ ಅಜ್ಜ ಓಣಿಯ ತುದಿಯ ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಪೂಜಾ ಪಾಟೀಚೀಲ ಕೆಳಗಿಟ್ಟು ಪಕ್ಕದಲ್ಲಿ ಕುಳಿತಳು.

“ಅಜ್ಜಾ, ನಾ ನಕ್ಕಿದ್ದು ತಪ್ಪಾತು.”

“ನಕ್ಕಿದ್ದಕ್ಕ ಯಾರರ ಕೆಲಸ ಬಿಡ್ತಾರೇನವ್ವಾ? ನೋಡಾಕ ಹಂಗ ಇತ್ತು, ನಕ್ಕಿ” ಎಂದು ಅಜ್ಜ ಅವಳ ತಲೆ ಸವರಿದ.

“ಮತ್ತ ಯಾಕ ಬಿಟ್ಟಿ?”

“ನನ್ನ ಕೈ ಒಂದ ಏನೂ ಮಾಡೂದಿಲ್ಲ ಪೂಜವ್ವ. ಕಾಲು ಹಿಡೀಬೇಕು, ಆಮ್ಯಾಲ ಕೈ ಕೆತ್ತಬೇಕು. ಆ ವೈಸ್ ಹಿಡೀತೈತಿ ಖರೆ. ಆದ್ರ ಎಷ್ಟು ಬಿಗಿ ಹಿಡೀಬೇಕು, ಯಾವಾಗ ಸಡಿಲ ಬಿಡಬೇಕು, ಅದಕ್ಕೇನ್ ತಿಳೀತೈತಿ? ಟೇಬಲ್ ಮುಂದ ನಿಂತ್ರ ನನ್ನ ಕಾಲಿಗೆ ಕೆಲಸಾನ ಇಲ್ಲ.”

ಪೂಜಾ ಅಜ್ಜನ ಕಾಲು ನೋಡಿದಳು. ಕಟ್ಟೆಯಿಂದ ಇಳಿಬಿಟ್ಟ ಪಾದಗಳು ನೆಲಕ್ಕೆ ಸರಿಯಾಗಿ ತಾಗಿದ್ದವು. ಮಾತಾಡುತ್ತಿರುವಾಗಲೇ ಅಗಲ ಹೆಬ್ಬೆರಳು ಒಂದು ಕಡ್ಡಿಯನ್ನು ಹಿಡಿದು ತಿರುಗಿಸುತ್ತಿತ್ತು.

“ಇಲ್ಲಿ ಕುಂತ್ರ ಮೊಣಕಾಲು ನೋಯೂದಿಲ್ಲೇನಜ್ಜಾ?”

“ಇಲ್ಲಿ ಏನೂ ಇಲ್ಲ. ಆರಾಮ ಐತಿ.”

ಪೂಜಾ ಸರ್ರನೆ ಕೆಳಗಿಳಿದಳು. ಜಡೆಯ ರಿಬ್ಬನ್ ಬಿಚ್ಚಿದಳು. ಕಟ್ಟೆಯ ಮೇಲಿನಿಂದ ನೆಲದವರೆಗೆ ಹಿಡಿದು, ಅಳತೆಗೆ ಒಂದು ಗಂಟು ಹಾಕಿದಳು. ಅರ್ಧ ಬಿಚ್ಚಿದ ಜಡೆಯಲ್ಲೇ ಮನೆಗೆ ಓಡಿದಳು.

ಅಂಗಳದಲ್ಲಿ ಅಪ್ಪ, ನಿಯಾಜ ಕಾಕಾ ಇಬ್ಬರೂ ಟೇಬಲ್ಲಿಗೆ ಒರಗಿ ನಿಂತಿದ್ದರು. ಪೂಜಾ ರಿಬ್ಬನ್ನನ್ನು ಟೇಬಲ್ಲಿನ ಕಾಲಿಗೆ ಹಿಡಿದಳು. ಗಂಟು ಬಹಳ ಕೆಳಗೆ ಉಳಿಯಿತು.

“ಅಪ್ಪಾ, ಇಷ್ಟಕ್ಕ ಕೊಯ್ದು ಬಿಡು.”

“ಏನು?”

“ಟೇಬಲ್ ಕಾಲು.”

ಅಪ್ಪನ ಮುಖ ಕೆಂಪಾಯಿತು. “ಹುಚ್ಚ ಹಿಡದೈತೇನ ನಿನಗ? ಎಷ್ಟು ಬೆವರು ಸುರಿಸಿ ಮಾಡೇನಿ. ಕಾಲು ಕೊಯ್ಯಬೇಕಂತ.”

“ನಂದು ಆಗಿದ್ರ ಸ್ಕ್ರೂ ಬಿಚ್ಚಿದ್ರ ಮುಗೀತಿತ್ತು” ಎಂದು ನಿಯಾಜ ಕಾಕಾ ಮೀಸೆಯಡಿಯಲ್ಲಿ ನಕ್ಕ. ಅಪ್ಪ ದುರುಗುಟ್ಟಿ ನೋಡಿದ.

“ಅಪ್ಪಾ, ಟೇಬಲ್ ಎತ್ತರ ಯಾರ ಅಳತಿ ಹಿಡದು ಮಾಡಿದಿ?”

“ನಂದ. ನನ್ನ ಸೊಂಟದ ತನಕ.” ಅಪ್ಪ ಗೊಣಗಿದ. “ಹೋಗಲಿ, ಅಜ್ಜ ನನಗಿಂತ ಒಂದೀಟು ಗಿಡ್ಡ. ಎರಡು ಬೆರಳು ಕಡಿಮಿ ಮಾಡೂಣು.”

“ನಿಂತ ಅಜ್ಜಗ ಅಲ್ಲಪ್ಪಾ. ಕುಂತ ಅಜ್ಜಗ.”

ಇಬ್ಬರೂ ಅವಳ ಕಡೆ ತಿರುಗಿದರು. ಪೂಜಾ ಕಟ್ಟೆಯ ಮೇಲೆ ಕಂಡದ್ದನ್ನೆಲ್ಲ ಹೇಳಿದಳು. ಹಲಗೆಯ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಇಳಿಬಿಟ್ಟು ಕುಳಿತರೆ ಮೊಣಕಾಲು ಮಡಚುವುದೇ ಬೇಡ ಎಂದಳು. ಹಲಗೆಗೆ ಅಷ್ಟೇ ಅಗಲ ಇತ್ತು. ಬಂಡಿಯ ಹಲಗೆ ತಂದದ್ದು ಅಪ್ಪನೇ ಅಲ್ಲವೇ. ಪ್ಲೈವುಡ್ಡಿನ ಅಗಲ ಟೇಬಲ್ ಆಗಿದ್ದರೆ ಇದು ನಡೆಯುತ್ತಲೇ ಇರಲಿಲ್ಲ. ಇದು ನಿಯಾಜ ಕಾಕಾನಿಗೂ ಹೊಳೆಯಿತು. ಅವನು ಮತ್ತೆ ನಗಲಿಲ್ಲ.

ಅಪ್ಪ ಬಹಳ ಹೊತ್ತು ಟೇಬಲ್ಲಿನ ಮೇಲೆ ಕೈಯಾಡಿಸುತ್ತ ನಿಂತ. ಆಮೇಲೆ ಗರಗಸ ತಂದ.

ಟೇಬಲ್ ಮಗ್ಗುಲಿಗೆ ಮಲಗಿತು. ಗರಗಸ ಆಡತೊಡಗಿದಾಗ ಜಾಲಿ ಕಾಲು ನಡುಗಿತು. ಅಪ್ಪ ಚಪ್ಪಲಿ ಬಿಟ್ಟು ಎಡಪಾದವನ್ನು ಅದರ ಮೇಲೆ ಒತ್ತಿ ಹಿಡಿದ. ಬೆರಳುಗಳು ಅಗಲವಾದವು, ಹೆಬ್ಬೆರಳು ಕಟ್ಟಿಗೆಯನ್ನು ತಬ್ಬಿತು. ಥೇಟ್ ಅಜ್ಜನ ಕಾಲೇ. ಪೂಜಾ ಅದನ್ನು ನೋಡಿದಳು. ಅಪ್ಪನಿಗೆ ಅದರ ಅರಿವೇ ಇರಲಿಲ್ಲ.

ಮರುದಿನ ಶಾಲೆಗೆ ರಜೆ. ಅಜ್ಜ ಟೇಬಲ್ಲಿನ ಸುತ್ತ ಒಮ್ಮೆ ಸುತ್ತಿದ. ಹಲಗೆಯ ಮೇಲೆ ಕುಳಿತು ಎರಡೂ ಪಾದ ನೆಲಕ್ಕೆ ಊರಿದ.

“ಸುಭಾಸ, ಇಲ್ಲಿ ಎರಡು ತೂತು ಕೊರಿ. ಒಂದು ಹಗ್ಗ ತಾ.”

ಅಪ್ಪ ತೂತು ಕೊರೆದ. ಹಗ್ಗದ ಎರಡೂ ತುದಿಗಳನ್ನು ತೂತುಗಳಲ್ಲಿ ಇಳಿಸಿ, ಕೆಳಗೆ ಜೋತುಬೀಳುವಂತೆ ಸೇರಿಸಿ ಗಂಟು ಹಾಕಿದ. ಅಜ್ಜ ಅರ್ಧ ಕಡಗೋಲನ್ನು ಹಲಗೆಯ ಮೇಲಿನ ಹಗ್ಗದ ಅಡಿಗೆ ತೂರಿಸಿ, ಕೆಳಗಿನ ಹಗ್ಗವನ್ನು ಹೆಬ್ಬೆರಳಿನ ಸಂದಿಯಲ್ಲಿ ಹಿಡಿದು ನೆಲಕ್ಕೆ ಒತ್ತಿದ. ಕಡಗೋಲು ಗಪ್ಪನೆ ಕುಳಿತಿತು. ಉಳಿ ಆಡಿತು. ತೆಳ್ಳಗಿನ ಸಿಪ್ಪೆ ಸುರುಳಿ ಸುತ್ತಿ ಪೂಜಾಳ ಪಾದದ ಮೇಲೆ ಬಿತ್ತು.

ಅಜ್ಜ ತಲೆ ಎತ್ತದೆ ಕೇಳಿದ. “ಯಾಕ ಪೂಜವ್ವ, ಇವತ್ತ ಹುಡುಗರನ್ನ ಕರಿಯೂದಿಲ್ಲೇನು?”

ಪೂಜಾ ಬಾಗಿಲಿಗೆ ಓಡಿದಳು. “ಏ ಬರ್ರೆಲೇ, ನಮ್ಮಜ್ಜ ಟೇಬಲ್ ಮ್ಯಾಲೆ ಕುಂತಾನ!”

ಎಲ್ಲರೂ ಬಂದರು. ಗುಲ್ನಾಜ ಬಾಯಿಗೆ ಕೈ ಅಡ್ಡ ಹಿಡಿದು ನಗಲು ಶುರು ಮಾಡಿದಳು.

ಪೂಜಾ ಅವಳ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. “ಅಜ್ಜನ ಕೈ ಅಲ್ಲ, ಕಾಲು ನೋಡು” ಎಂದು ಮೆಲ್ಲಗೆ ಹೇಳಿದಳು.

ಗುಲ್ನಾಜ ನೋಡಿದಳು. ಸ್ವಲ್ಪ ಹೊತ್ತಿಗೆ ಅವಳೂ ಚಪ್ಪಲಿ ಬಿಟ್ಟು, ಒಂದು ಸಿಪ್ಪೆಯನ್ನು ಕಾಲ್ಬೆರಳಿನಲ್ಲಿ ಹಿಡಿಯಲು ನೋಡುತ್ತಿದ್ದಳು.