ಕೊನೆಯ ಫ್ಯೂಸ್

ಗಂಗಾವತಿಯ ಹೊರವಲಯದಲ್ಲಿ, ರೈಸ್ ಮಿಲ್ಲುಗಳ ಸಾಲು ಮುಗಿಯುವ ಕಡೆ ಇದ್ದ ಟೆಲಿಫೋನ್ ಎಕ್ಸ್‌ಚೇಂಜಿಗೆ ಅಂದು ಕೊನೆಯ ದಿನ. ಒಳಗೆ ಶಿವಲೀಲಾ. ಹೊರಗೆ, ರಸ್ತೆಯ ತಿರುವಿನ ಕಬ್ಬಿಣದ ಪೆಟ್ಟಿಗೆಯ ಹತ್ತಿರ ಲೈನ್‌ಮನ್ ಗಾಳೇಶ. ಇಬ್ಬರ ಕೈಯಲ್ಲೂ ಒಂದೊಂದು ಟೆಸ್ಟ್ ಫೋನ್, ನಡುವೆ ಮಣ್ಣಿನಡಿಯ ತಾಮ್ರದ ತಂತಿ.

"ಕೇಳ್ತೈತೇನ್ರಿ?"

"ಕೇಳ್ತೈತ್ರಿ."

ಹಾಗೆಂದು ಅವಳು ಆ ಲೈನಿನ ಫ್ಯೂಸ್ ಕೀಳಬೇಕು. ಅವನು ಮತ್ತೊಮ್ಮೆ ಹಲೋ ಅನ್ನಬೇಕು. ಉತ್ತರ ಬರದಿದ್ದರೆ ಲೈನ್ ಸತ್ತಿತು ಎಂದು ಅರ್ಥ, ಮುಂದಿನದಕ್ಕೆ ಹೋಗಬೇಕು. ಬೆಳಿಗ್ಗೆಯಿಂದ ಇದೇ ಕೆಲಸ. ಅವಳ ಕಾಲುಗಳು ಊದಿಕೊಂಡಿದ್ದವು.

ಗಂಡ ತೀರಿಕೊಂಡ ಮೇಲೆ ಶಿವಲೀಲಾ ಇಲ್ಲಿಗೆ ಕಸ ಗುಡಿಸಲು ಬಂದವಳು. ಮಧ್ಯಾಹ್ನ ವರಾಂಡದಲ್ಲಿ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಕಾಯಂ ನೌಕರರೆಲ್ಲ ಒಬ್ಬೊಬ್ಬರಾಗಿ ಹೋದ ಮೇಲೆ, ತಂತಿಯ ಈ ತುದಿಗೆ ಯಾರಾದರೂ ಬೇಕಲ್ಲ ಎಂದು ಗಾಳೇಶನೇ ಅವಳಿಗೆ ಕೆಲಸ ಕಲಿಸಿದ್ದ.

ಎದುರಿಗೆ ಕೂತರೆ ಮಾತ್ರ ಇಬ್ಬರ ಬಾಯಿಗೂ ಬೀಗ. ಚಹಾ ಕುಡಿಯುವಾಗ ಅವನು ಲೋಟವನ್ನೇ ನೋಡುವನು. ಅವಳು ಅವನ ಅಂಗಿಯ ಕಿತ್ತುಹೋದ ಗುಂಡಿ ನೋಡಿ ಸುಮ್ಮನಾಗುವಳು. ಮಾತೆಲ್ಲ ತಂತಿಯ ಮೇಲೆಯೇ. ಆ ಗುಂಡಿಯ ವಿಷಯವನ್ನೂ ಅವಳು ಟೆಸ್ಟ್ ಫೋನಿನಲ್ಲೇ ಹೇಳಿ ಕಾಡಿಸಿದ್ದಳು. ಮರುದಿನ ಅಂಗಿ ಪೇಪರಿನಲ್ಲಿ ಸುತ್ತಿಕೊಂಡು ಅವಳ ಮಷಿನ್ ಮೇಲೆ ಬಂದು ಕೂತಿತ್ತು, ಅವನು ಮಾತ್ರ ಎಲ್ಲೂ ಕಾಣಲಿಲ್ಲ. ನಲವತ್ತು ದಾಟಿದ ಗಂಡಸಿಗೆ ಇಷ್ಟು ನಾಚಿಕೆ ಎಲ್ಲಿಂದ ಬರುತ್ತದೋ.

ನಾಳೆಯಿಂದ ಅವನಿಗೆ ಕುಷ್ಟಗಿಯಲ್ಲಿ ಕೆಲಸ. ಅವಳ ಅಣ್ಣ ಯಮನೂರ ಸಂಜೆ ಟಂಟಂ ಆಟೋ ತಂದು, ಮಷಿನ್ ಸಮೇತ ಅವಳನ್ನು ತವರೂರು ಕಿನ್ನಾಳಕ್ಕೆ ಕರೆದೊಯ್ಯುತ್ತಾನೆ. ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಬೇಡ ಎನ್ನಲು ಒಂದು ಕಾರಣ ಬೇಕಿತ್ತು. ಆ ಕಾರಣ ರಸ್ತೆಯ ತಿರುವಿನಲ್ಲಿ ನಿಂತು ಬೆಳಿಗ್ಗೆಯಿಂದ ಬರೀ ಹಲೋ ಅನ್ನುತ್ತಿತ್ತು.

ಕೊನೆಯ ಲೈನ್ ಬಂತು. ಕೇಳುತ್ತಿದೆ ಎಂದಳು. ಫ್ಯೂಸಿನ ಮೇಲೆ ಬೆರಳಿಟ್ಟಳು, ಕೀಳಲಾಗಲಿಲ್ಲ. ಫೋನ್ ಕಿವಿಗೆ ಹಿಡಿದೇ ಸ್ಟೂಲಿನ ಮೇಲೆ ಕುಸಿದಳು.

"ಹಲೋ... ಹಲೋ..." ಎಂದ ಗಾಳೇಶ.

ಅವಳಿಗೆ ಉತ್ತರ ಕೊಡುವ ತ್ರಾಣವೂ ಇರಲಿಲ್ಲ. ಲೈನ್ ಸತ್ತಿತೆಂದು ಅವನು ನಂಬಿದ. ಆದರೂ ಫೋನ್ ಇಡಲಿಲ್ಲ. ಅತ್ತ ಕಡೆ ಭತ್ತದ ಲಾರಿಯೊಂದು ಹಾದುಹೋದ ಸದ್ದು ಕೇಳಿಸಿತು.

"ಶಿವಲೀಲಾ," ಎಂದ. ಬರೀ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಸತ್ತ ಲೈನಿಗಾದ್ರೂ ಹೇಳಿಬಿಡ್ತೀನಿ. ಕುಷ್ಟಗಿಯೊಳಗ ಮನಿ ನೋಡೀನಿ. ನನಗೊಬ್ಬಗ ಒಂದು ಖೋಲಿ ಸಾಕಿತ್ತು, ಎರಡು ಖೋಲಿದು ಹಿಡದೀನಿ. ಕಿಟಕಿ ಬಾಜೂಕ ನಿಮ್ಮ ಮಷಿನ್ ಇಡಾಕ ಜಾಗ ಐತಿ. ದಿನಾ ಕೇಳಬೇಕಂತೀನಿ, ನಿಮ್ಮ ಮಾರಿ ನೋಡಿದ್ರ ಬಾಯಿ ಬರಂಗಿಲ್ಲ. ಒಬ್ಬನ ದಣದು ಮನಿಗೆ ಹೋಗಿ ಹೋಗಿ ಸಾಕಾಗೈತಿ."

ಶಿವಲೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಲೈನ್ ಇನ್ನೂ ಐತ್ರಿ," ಎಂದಳು.

ಅತ್ತ ಕಡೆ ಕಬ್ಬಿಣದ ಪೆಟ್ಟಿಗೆಯ ಬಾಗಿಲು ಧಡ್ಡೆಂದು ಬಡಿದುಕೊಂಡಿತು.

"ಫ್ಯೂಸ್ ತಗದಿಲ್ಲ ನಾ. ಎದುರಿಗೆ ಬಂದು ಹೇಳ್ರಿ. ಅಲ್ಲೀತನ ತಗಿಯಂಗಿಲ್ಲ."

ಅವನು ಬಂದ. ಓಡಿ ಬಂದಿದ್ದ, ತಲೆ ತುಂಬ ಮಿಲ್ಲಿನ ತೌಡಿನ ಧೂಳು. ಅಂಗಿಗೆ ಅವಳೇ ಹಚ್ಚಿಕೊಟ್ಟ ಗುಂಡಿ, ಬಣ್ಣ ಮಾತ್ರ ಬೇರೆ. ಅವಳು ಕಣ್ಣು ಕೀಳದೆ ನೋಡಿದಳು. ಅವನು ನೆಲ ನೋಡಿದ, ಫ್ಯೂಸ್ ನೋಡಿದ, ಕೊನೆಗೆ ಅವಳನ್ನು ನೋಡಿದ. ಬಾಯಿ ತೆರೆದ.

"ಊಟ ಆತೇನ್ರಿ?"

ಶಿವಲೀಲಾ ನಕ್ಕುಬಿಟ್ಟಳು. ಈ ಕಟ್ಟಡದಲ್ಲಿ ಅವಳು ಹಾಗೆ ನಕ್ಕದ್ದನ್ನು ಯಾರೂ ಕೇಳಿರಲಿಲ್ಲ. ಗಾಳೇಶ ಕಿವಿಯವರೆಗೂ ಕೆಂಪಾದ, ಆದರೆ ಈ ಸಲ ಕಣ್ಣು ತಪ್ಪಿಸಲಿಲ್ಲ.

ಹೊರಗೆ ಟಂಟಂ ಬಂದು ನಿಂತ ಸದ್ದಾಯಿತು. ಯಮನೂರ ಹಾರ್ನ್ ಹೊಡೆದ.

ಅವಳು ಕೊನೆಯ ಫ್ಯೂಸ್ ಕಿತ್ತು ಅವನ ಅಂಗೈಯಲ್ಲಿಟ್ಟಳು.

"ಅಣ್ಣಗ ನಾ ಹೇಳ್ತೀನಿ," ಎಂದಳು. "ನೀವು ಮಷಿನ್ ಒಂದು ಕಡಿ ಹಿಡೀರಿ. ಭಾಳ ಭಾರ ಐತಿ, ಒಬ್ಬಾಕಿಂದ ಏಳಂಗಿಲ್ಲ."