ಬಚ್ಚಲಿನ ಗಾಳಿ

ನಾವು ಕೆನಡಾದ ವಿನ್ನಿಪೆಗ್‌ನವರು. ನನ್ನ ತಮ್ಮ ಒರೆಸ್ಟ್, ಅವನ ಬಸುರಿ ಹೆಂಡತಿ ಲರೀಸಾ ಬಂದಿರಲೆಂದು ಕಳೆದ ಚಳಿಗಾಲ ನಮ್ಮ ನೆಲಮಾಳಿಗೆಯನ್ನು ಕೋಣೆ ಮಾಡಿಸುತ್ತಿದ್ದೆವು. ಕಿಟಕಿಯಿಲ್ಲದ ಬಚ್ಚಲಿಗೆ ಗಾಳಿಯದೇ ಚಿಂತೆ. ತೇವ ನಿಂತರೆ ಗೋಡೆಗೆ ಬೂಷ್ಟು, ಕೂಸಿಗೆ ಕೆಮ್ಮು. ಕೊನೆಗೆ ತಗ್ಗು ಚಾವಣಿಗೆ ಗಾಳಿ ಹೊರಹಾಕುವ ಫ್ಯಾನ್ ಕೂರಿಸಿ, ಕೊಳವೆಯನ್ನು ಗೋಡೆಯವರೆಗೆ ತಂದೆವು. ಗೋಡೆಗೆ ತೂತು ಇನ್ನೂ ಕೊರೆದಿರಲಿಲ್ಲ. ಕೊಳವೆಯ ತುದಿಯನ್ನು ಟೇಪು ಸುತ್ತಿ ಮುಚ್ಚಿದ್ದೆವು.

ಮಧ್ಯಾಹ್ನ ಲರೀಸಾ ಇಳಿದು ಬಂದಳು. "ನಿನ್ನ ಫ್ಯಾನು ಗಾಳಿ ಎಳೆಯುತ್ತೋ, ನಿನ್ನ ಹಾಗೆ ಬರೀ ಸದ್ದು ಮಾಡುತ್ತೋ?" ಎಂದು ಗಂಡನನ್ನು ಕೆಣಕುತ್ತ, ಫ್ಯಾನಿನ ಜಾಲರಿಯ ಅಂಚಿಗೆ ತೆಳು ಕಾಗದವೊಂದನ್ನು ಅಂಟಿಸಿದಳು. ಇಳಿಬಿದ್ದ ಕಾಗದ ಪಟ್ಟನೆ ಜಾಲರಿಗೆ ಮೆತ್ತಿಕೊಂಡಿತು. ತುಸು ಹೊತ್ತಿಗೆ ಉಬ್ಬಿ ಹೊರಬಂತು. ಮತ್ತೆ ಒಳಗೆ, ಮತ್ತೆ ಹೊರಗೆ, ನಿಧಾನವಾಗಿ.

"ಕರೆಂಟ್ ಕೊಟ್ಟಿದ್ಯೇನೋ?" ಎಂದೆ.

"ವೈರೇ ಎಳೆದಿಲ್ಲ, ಅಕ್ಕ."

ಹೊರಗೆ ಹಿಮ ಗಟ್ಟಿಕಟ್ಟಿತ್ತು. ಜಾಲರಿಯಿಂದ ಬಂದ ಗಾಳಿ ಮಾತ್ರ ಬೆಚ್ಚಗಿತ್ತು, ಅದಕ್ಕೆ ಹಾಲಿನ ವಾಸನೆಯಿತ್ತು. ಒರೆಸ್ಟ್ ಕೊಳವೆಯನ್ನೇ ಕಳಚಿ ಕೆಳಗಿಟ್ಟ. ಕಾಗದ ಆಡುತ್ತಲೇ ಇತ್ತು.

ಲರೀಸಾ ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಅತ್ತಿಗೆ, ನನ್ನನ್ನ ಮೇಲಕ್ಕೆ ಕರ್ಕೊಂಡು ಹೋಗಿ. ನಾನು ಉಸಿರು ಬಿಗಿಹಿಡಿದ್ರೆ ಅದೂ ನಿಲ್ಲುತ್ತೆ."

ಅಂದೇ ಇಬ್ಬರೂ ಅವಳ ತಾಯಿಯ ಮನೆಗೆ ಹೊರಟುಹೋದರು. ಹಿಮ ಕರಗುವ ಹೊತ್ತಿಗೆ ಗಂಡುಮಗು ಹುಟ್ಟಿತು, ಗಟ್ಟಿಮುಟ್ಟಾಗಿದೆ. ನಾನು ಆಗಾಗ ಕೆಳಗಿಳಿದು ನೋಡುತ್ತೇನೆ. ಮಗು ಹುಟ್ಟಿದ ದಿನ ಒಳಗೆಳೆದುಕೊಂಡ ಕಾಗದವನ್ನು ಆ ಜಾಲರಿ ಇನ್ನೂ ಹೊರಗೆ ಬಿಟ್ಟಿಲ್ಲ.